ದ್ಯಾಮವ್ವನ ಶುಗರ್

ನನ್ನ ಸೊಂಟದಲ್ಲಿ ಒಂದು ಡಬ್ಬಿ ಇದೆ. ಬೆಂಕಿಪೊಟ್ಟಣಕ್ಕಿಂತ ದೊಡ್ಡದು, ಮೊಬೈಲಿಗಿಂತ ಸಣ್ಣದು. ಅದರಿಂದ ಹೊರಟ ತೆಳುವಾದ ನಳಿಕೆಯೊಂದು ಹೊಟ್ಟೆಗೆ ಅಂಟಿಕೊಂಡಿದೆ. ದಿನವಿಡೀ ಹನಿಹನಿಯಾಗಿ ಇನ್ಸುಲಿನ್ ಬಿಡುವುದು ಅದರ ಕೆಲಸ. ತಿಳಿದವರು ಅದನ್ನು ಇನ್ಸುಲಿನ್ ಪಂಪು ಎನ್ನುತ್ತಾರೆ. ಪಂಪು ಎಂದೊಡನೆ ನಮ್ಮ ಬಬಲೇಶ್ವರದ ಕಡೆಯ ಗಂಡಸರು ಎಷ್ಟು ಹೆಚ್‌ಪಿ ಎಂದು ಕೇಳುವುದರಿಂದ ನಾನು ಡಬ್ಬಿ ಎಂದೇ ಕರೆಯುತ್ತೇನೆ.

ಈ ಡಬ್ಬಿಗೆ ಒಂದು ಕೆಟ್ಟ ಚಟ ಇದೆ. ಊಟಕ್ಕೆ ಮೊದಲು ನನ್ನನ್ನು ಪ್ರಶ್ನೆ ಕೇಳುತ್ತದೆ: ಈಗ ಎಷ್ಟು ತಿನ್ನುತ್ತೀ? ನಾನು ಗ್ರಾಮಿನ ಲೆಕ್ಕದಲ್ಲಿ ಉತ್ತರ ಕೊಡಬೇಕು. ಅದು ಕೂಡಿಸಿ ಕಳೆದು, ಇಷ್ಟು ಡೋಸು ಕೊಡಲೇ ಎನ್ನುತ್ತದೆ. ನಾನು ಗುಂಡಿ ಒತ್ತಿ ಹೂಂ ಎನ್ನುತ್ತೇನೆ. ಕಾಲು ತಾಸು ಬಿಟ್ಟು ಊಟ. ಕೇಳುವುದಕ್ಕೆ ಎಷ್ಟು ಸರಳ! ಆದರೆ ನೀವೇ ಹೇಳಿ, ನಮ್ಮ ಸೀಮೆಯಲ್ಲಿ ಯಾವ ಹೆಂಗಸನ್ನು ಯಾರು ಈ ಪ್ರಶ್ನೆ ಕೇಳಿದ್ದಾರೆ? ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಬಂದುಹೋಗುವವರಿಗೆ ಬಡಿಸಿ, ಬುಟ್ಟಿಯ ತಳದಲ್ಲಿ ಏನು ಉಳಿಯಿತೋ ಅದು ನಮ್ಮ ಊಟ. ಯಾವಾಗ, ಎಷ್ಟು ಎಂಬುದು ಬುಟ್ಟಿಗೂ ಗೊತ್ತಿರುವುದಿಲ್ಲ. ಪರದೇಶದಲ್ಲಿ ಕುಳಿತು ಈ ಯಂತ್ರ ಮಾಡಿದ ಪುಣ್ಯಾತ್ಮನ ಮನೆಯಲ್ಲಿ ಸೊಸೆಯರು ಮೊದಲ ಪಂಕ್ತಿಗೇ ಕೂರುತ್ತಾರೆಂದು ಕಾಣುತ್ತದೆ.

ಡಾಕ್ಟರು ಒಂದು ತಕ್ತೆಯನ್ನೂ ಕೊಟ್ಟಿದ್ದರು. ಯಾವ ಪದಾರ್ಥದಲ್ಲಿ ಎಷ್ಟು ಹಿಟ್ಟಿನಂಶ ಎಂದು. ಅದರಲ್ಲಿ ಬ್ರೆಡ್ಡಿತ್ತು, ಓಟ್ಸ್ ಇತ್ತು, ನಾನು ಹೆಸರೂ ಕೇಳದ ಹಣ್ಣುಗಳಿದ್ದವು. ಸಜ್ಜೆ ರೊಟ್ಟಿ ಇರಲಿಲ್ಲ. ಶೇಂಗಾ ಹೋಳಿಗೆ ಇರಲಿಲ್ಲ. ಮಾದಲಿ ಇರಲಿಲ್ಲ. "ರೊಟ್ಟಿ ಎಣಿಸಿಕೊಂಡು ತಿನ್ನಿ ಅಷ್ಟೆ" ಎಂದರು ಡಾಕ್ಟರು. ಅವರೇನೋ ಹೇಳಿಬಿಟ್ಟರು. ನಮ್ಮಲ್ಲಿ ಉಣ್ಣುವವರ ರೊಟ್ಟಿ ಎಣಿಸುವುದೆಂದರೆ ಪಾಪ. ಟಿಕೋಟಾದಲ್ಲಿ ನಾನು ಒಮ್ಮೆ ತವರುಮನೆಯ ಪಂಕ್ತಿಯಲ್ಲಿ ಕೂತು ಮೆಲ್ಲಗೆ "ಇದು ಎರಡನೇದ್ದು" ಎಂದುಕೊಂಡದ್ದಕ್ಕೆ ಪಕ್ಕದಲ್ಲಿದ್ದ ಸೋದರಮಾವ, ಎಣಿಸಿದ್ದು ತನ್ನ ರೊಟ್ಟಿ ಎಂದು ತಿಳಿದು, ಎಲೆ ಬಿಟ್ಟು ಎದ್ದಿದ್ದ. ಅವನನ್ನು ಮರಳಿ ಕೂಡಿಸುವುದಕ್ಕೆ ಮೂವರು ಹಿರಿಯರು ಬೇಕಾದರು.

ಎಣಿಸಿದರೂ ಉಪಯೋಗವಿಲ್ಲವೆನ್ನಿ. ಬಡಿಸುವವರು ನಮ್ಮಲ್ಲಿ "ಅರ್ಧ" ಎನ್ನುತ್ತಾರೆ.

"ಬ್ಯಾಡ್ರೀ ಚಿಗವ್ವಾ, ಸಾಕು."

"ಅರ್ಧ ತಗೋ ಬೇ ಯವ್ವಾ, ಬರೇ ಅರ್ಧ. ಅರ್ಧಕ್ಕೇನ ಹೊಟ್ಟಿ ಒಡೀತದೇನು?"

ಹೀಗೆಂದು ಒಂದು ಇಡೀ ಬಿಸಿ ರೊಟ್ಟಿಯನ್ನು ನಡುವೆ ಮಡಚಿ ಹಾಕುತ್ತಾರೆ. ಮಡಚಿದ್ದರಿಂದ ಅದು ಅರ್ಧ. ಈ ಗಣಿತ ಯಾವ ಡಬ್ಬಿಯ ತಲೆಗೆ ಹೋದೀತು? ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಮೇಲೆಯೇ ತುಪ್ಪ ಸುರಿಯುವ ಊರು ನಮ್ಮದು.

ರೊಟ್ಟಿಯ ಲೆಕ್ಕ ಹಾಗಾದರೆ, ಹೊತ್ತಿನ ಲೆಕ್ಕ ಇನ್ನೂ ಚೆನ್ನ. ನಮ್ಮ ಕಡೆ ಕಾಲವನ್ನು ಅಳೆಯುವುದು "ಇನ್ನೇನು" ಎಂಬ ಮಾನದಿಂದ. ಬಸ್ಸು ಇನ್ನೇನು ಬಂತು, ಕರೆಂಟು ಇನ್ನೇನು ಬಂತು, ಊಟ ಇನ್ನೇನು ಆತು. ಇನ್ನೇನು ಎಂದರೆ ಹತ್ತು ನಿಮಿಷವೂ ಆಗಬಹುದು, ಹೊತ್ತು ಮುಳುಗಲೂಬಹುದು. ಇತ್ತ ಡಬ್ಬಿಗೆ ಒಮ್ಮೆ ಗುಂಡಿ ಒತ್ತಿ ಡೋಸು ಒಳಗೆ ಹೋಯಿತೆಂದರೆ ಹೋಯಿತು. ವಾಪಸು ಬಾ ಎಂದರೆ ಬರುವುದಿಲ್ಲ. ಆಮೇಲೆ ಊಟ ಬರದಿದ್ದರೆ ರಕ್ತದಲ್ಲಿನ ಸಕ್ಕರೆ ಇಳಿಯತೊಡಗುತ್ತದೆ. ಮೊದಲು ತುಟಿಯ ಮೇಲೆ ಬೆವರು, ಆಮೇಲೆ ಕೈನಡುಕ, ಆಮೇಲೆ ಮಾತು ತೊದಲು. ಅಷ್ಟರಲ್ಲಿ ಯಾರಾದರೂ ಬಾಯಿಗೆ ಸಿಹಿ ಹಾಕದಿದ್ದರೆ ಆಮೇಲೆ ಆ ಮನುಷ್ಯ ಇಲ್ಲ.

ನನ್ನ ಅವ್ವನಿಗೆ ಇದು ಡಾಕ್ಟರು ಹೇಳುವ ಮೊದಲೇ ತಿಳಿದಿತ್ತು. ನಾನು ಟಿಕೋಟಾದ ಸಾಲೆಯಲ್ಲಿ ಐದನೇ ಇಯತ್ತೆಯಲ್ಲಿದ್ದಾಗ ನನಗೆ ಈ ಸಕ್ಕರೆ ಬಂತು. ಸುತ್ತ ದ್ರಾಕ್ಷಿ ತೋಟ, ಒಣದ್ರಾಕ್ಷಿ, ಅಂದರೆ ಮನೂಕ, ಮಾಡುವ ಚಪ್ಪರಗಳು. ಹೀಗಾಗಿ ಓಣಿಯ ನ್ಯಾಯಾಧೀಶೆಯರು ಒಂದೇ ಬೈಠಕ್ಕಿನಲ್ಲಿ ತೀರ್ಪು ಕೊಟ್ಟರು: "ಮನೂಕ ಕದ್ದ ತಿಂದಾಳ. ಅದಕ್ಕs ಬಂದೈತಿ." ಕದ್ದು ತಿಂದದ್ದು ನಿಜ. ಆದರೆ ನನ್ನ ಜೊತೆ ಕದ್ದ ನಾಲ್ವರು ಇವತ್ತಿಗೂ ಹೋಳಿಗೆ ತಿಂದು ಅರಾಮಾಗಿದ್ದಾರೆ. ಅವ್ವ ಇನ್ಸುಲಿನ್ ಬಾಟಲಿಯನ್ನು ತಂಪಾಗಿರಲೆಂದು ಹಸಿ ಮರಳು ತುಂಬಿದ ಗಡಿಗೆಯಲ್ಲಿ ಹೂತಿಡುತ್ತಿದ್ದಳು. ರೊಟ್ಟಿ ಹಂಚಿನ ಮೇಲೆ ಬಿದ್ದು ಉಬ್ಬಿದ ಮೇಲೆಯೇ ಸೂಜಿ ಚುಚ್ಚುತ್ತಿದ್ದಳು. "ಊಟ ಕಣ್ಣಿಗಿ ಕಂಡ್ರ ಸಾಲಂಗಿಲ್ಲ, ಕೈಗಿ ಬರಬೇಕು" ಎಂಬುದು ಅವಳ ಕಾನೂನು. ನಾನು ಓದಿದವಳು, ಡಬ್ಬಿಯವಳು. ಅವ್ವನ ಕಾನೂನು ಹಳೆಯದಾಯಿತೆಂದು ತಿಳಿದಿದ್ದೆ.

ಈಗ ನಾನು ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿ ಸೀರೆಗೆ ಫಾಲ್ ಹಚ್ಚುವ, ಪಿಕೋ ಮಾಡುವ ಕೆಲಸ ನಡೆಸುತ್ತೇನೆ. ಸೂಜಿಯ ಜೊತೆ ನನ್ನ ನಂಟು ಹಾಗೇ ಮುಂದುವರಿದಿದೆ. ಡಬ್ಬಿಗೆಂದು ನನ್ನ ಲಂಗಗಳಿಗೆಲ್ಲ ಒಳಜೇಬು ಹೊಲಿದುಕೊಂಡಿದ್ದೇನೆ. ಅದು ಸೆರಗಿನ ಕೆಳಗೆ ಉಬ್ಬಿ ಕಾಣುತ್ತದೆ. ಬಬಲೇಶ್ವರದ ಮುದುಕಿಯರು ಅದನ್ನು ಎಲೆಅಡಿಕೆಯ ಚಂಚಿ ಎಂದೇ ನಂಬಿ, ಹೋದಾಗಲೆಲ್ಲ ಕೈಚಾಚುತ್ತಾರೆ. "ಒಂದ ಹೋಳ ಅಡಕಿ ಕೊಡಾ, ಪ್ಯಾಟಿಯಾಕಿ." ಇಲ್ಲ ಎಂದರೆ ಜಿಪುಣಿ ಎನ್ನುತ್ತಾರೆ. ಕೊನೆಗೆ ನಾನು ಅಡಿಕೆಯನ್ನೂ ಇಟ್ಟುಕೊಳ್ಳತೊಡಗಿದೆ.

ಬಬಲೇಶ್ವರ ನನ್ನ ಗಂಡನ ಮನೆ. ಅಲ್ಲಿ ನನ್ನ ಅತ್ತೆ ನೀಲವ್ವ, ಮಾವ ಇದ್ದಾರೆ. ಅತ್ತೆಗೂ ಸಕ್ಕರೆ ಇದೆ. ನನ್ನದರಂತೆ ಡಬ್ಬಿಯದಲ್ಲ, ಊರಿಗೆಲ್ಲ ಇರುವ ಸಾದಾ ಸಕ್ಕರೆ. ಅದಕ್ಕೆ ಬೆಳಗ್ಗೆ ಒಂದು ಗುಳಿಗೆ. "ಊಟಕ್ಕ ಮದ್ಲ ತಗೋಬೇಕು" ಎಂದು ಡಾಕ್ಟರು ಹೇಳಿದ್ದನ್ನು ಅತ್ತೆ ದೇವರ ಮಾತಿನಂತೆ ಪಾಲಿಸುತ್ತಿದ್ದರು. ಊಟವನ್ನು ಎಷ್ಟು ಹೊತ್ತಿನೊಳಗೆ ಮಾಡಬೇಕೆಂದು ಡಾಕ್ಟರು ಹೇಳಿದ್ದರೋ ಇಲ್ಲವೋ, ಅದು ಮಾತ್ರ ಅವರ ಕೈಯಲ್ಲಿರಲಿಲ್ಲ.

ಅತ್ತೆಗೆ ಇನ್ನೊಂದೂ ಇತ್ತು. ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಯ ದಿನ, ಅವರ ಮೈಮೇಲೆ ಊರದೇವತೆ ದ್ಯಾಮವ್ವ ಬರುತ್ತಿದ್ದಳು.

ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಎಲ್ಲರೂ ಹೊಲಕ್ಕೆ ಬುತ್ತಿ ಒಯ್ಯುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಎಣಗಾಯಿ, ಕಡಬು, ಹೋಳಿಗೆ. ಆದರೆ ಮೊದಲು ಭೂಮಿತಾಯಿ ಉಣ್ಣಬೇಕು. ಮನೆಯ ಯಜಮಾನ ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಕಲಸಿ, ಹುಲ್ಲುಲ್ಲಿಗೋ ಎಂದು ಕೂಗುತ್ತ ಹೊಲದ ನಾಲ್ಕೂ ಕಡೆ ಚರಗ ಚೆಲ್ಲಿ ಬರಬೇಕು. ಅಲ್ಲಿಯವರೆಗೆ ಒಂದು ತುತ್ತೂ ಯಾರ ಬಾಯಿಗೂ ಬೀಳುವಂತಿಲ್ಲ. ಗಂಡಸರು ಮನೆಯಲ್ಲಿ ಚಹಾ, ಚುರಮುರಿ ಮುಗಿಸಿಕೊಂಡೇ ಬಂದಿರುತ್ತಾರೆ; ಅದು ಲೆಕ್ಕಕ್ಕಿಲ್ಲ. ಮಡಿಯಿಂದ ಅಡುಗೆ ಮಾಡಿದವರಿಗೆ ಮಾತ್ರ ನಸುಕಿನಿಂದ ಉಪವಾಸ. ಅತ್ತೆ ಎದ್ದೊಡನೆ ಗುಳಿಗೆ ನುಂಗಿ, ಒಲೆಯ ಮುಂದೆ ಕೂತರೆ, ಹೊಲದಲ್ಲಿ ಹೊತ್ತು ನೆತ್ತಿಗೆ ಬರುವಾಗ ಸರಿಯಾಗಿ ಮೈ ನಡುಗಿಸುತ್ತಿದ್ದರು. ಕಣ್ಣು ಮೇಲಾಗುತ್ತಿದ್ದವು. ಜಂಪರು ಬೆವರಿಗೆ ತೊಯ್ದುಹೋಗುತ್ತಿತ್ತು.

ಇಡೀ ವರ್ಷ ಹೆಂಡತಿಯನ್ನು "ಏ ಇಕಿನ" ಎಂದಷ್ಟೇ ಕರೆಯುವ ಮಾವ ಅವತ್ತು ಕೈಮುಗಿದು ನಿಲ್ಲುತ್ತಿದ್ದರು. "ತಾಯಿ, ಏನ್ ಬೇಕು ನಿನಗ, ಬಾಯಿಬಿಟ್ಟ ಹೇಳು."

ಒಂದು ವರ್ಷ ದ್ಯಾಮವ್ವ ತೊದಲುತ್ತ ಹೇಳಿದ್ದಳು: "ನನಗ ಬಾಗಲಾ ಇರೂ ಬಚ್ಚಲಾ ಬೇಕು."

ಊರ ಹಿರಿಯರು ಸೇರಿ ವಿಚಾರ ಮಾಡಿದರು. ದೇವಿಗೇಕೆ ಬಚ್ಚಲು? ಬೇಡಿದ್ದಾಳೆ, ಇಲ್ಲ ಎನ್ನಲಾಗುತ್ತದೆಯೇ? ಮಾವ ಕೈಯಿಂದ ಖರ್ಚು ಮಾಡಿ ದ್ಯಾಮವ್ವನ ಗುಡಿಯ ಹಿಂದೆ ಬಾಗಿಲಿರುವ ಅಚ್ಚುಕಟ್ಟಾದ ಬಚ್ಚಲು ಕಟ್ಟಿಸಿದರು. ನಮ್ಮ ಮನೆಯ ಹೆಂಗಸರು ಇನ್ನೊಂದು ವರ್ಷ ಗೋಣಿತಟ್ಟಿನ ಮರೆಯಲ್ಲೇ ಮಿಂದರು. ಮುಂದಿನ ಎಳ್ಳಮಾವಾಸ್ಯೆಗೆ ದೇವಿ ಸಿಟ್ಟಿನಿಂದ ಬಂದಳು. "ಗುಡ್ಯಾಗಲ್ಲೋ ಮೂಳಾ, ಮನ್ಯಾಗ!" ಆಮೇಲೆ ಮನೆಯಲ್ಲೂ ಆಯಿತು. ಅದರಾಚೆಯ ವರ್ಷ ಮಿಕ್ಸರ್ ಬಂತು.

ನಾನು ಪ್ರತಿವರ್ಷ ಸುಮ್ಮನೆ ಕೈಮುಗಿಯುತ್ತಿದ್ದೆ. ಮೂವತ್ತು ವರ್ಷ ಈ ರೋಗದ ಜೊತೆ ಸಂಸಾರ ಮಾಡಿದವಳು, ಓಣಿಯಲ್ಲಿ ಯಾರಿಗೆ ತಲೆ ತಿರುಗಿದರೂ ಭಾಷಣ ಕೊಡುವವಳು, ಸ್ವಂತ ಅತ್ತೆಯ ಬೆವರು ಕಂಡು ಕುಂಕುಮ ತರಲು ಓಡುತ್ತಿದ್ದೆ. ದೇವರು ಎಂದೊಡನೆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡುವುದು ನಮಗೆ ಸಣ್ಣಂದಿನ ರೂಢಿ.

ನನ್ನ ಕಣ್ಣು ತೆರೆಸಿದ್ದು ನನ್ನದೇ ಅವಸರ. ಹೋದ ವರ್ಷದ ಎಳ್ಳಮಾವಾಸ್ಯೆ. ಕಾಖಂಡಕಿ ರಸ್ತೆಯ ನಮ್ಮ ಬಾವಿ ಹೊಲದಲ್ಲಿ ಬನ್ನಿಗಿಡದ ಕೆಳಗೆ ಬುತ್ತಿಗಂಟು ಬಿಚ್ಚಿದ್ದರು. ಹೋಳಿಗೆ ಕಣ್ಣೆದುರಿಗಿತ್ತು. ಮಾವ ರುಮಾಲು ಬಿಗಿದುಕೊಂಡು, "ಇನ್ನೇನ್ ಆತು, ಚರಗಾ ಚೆಲ್ಲಿ ಬಂದಬಿಟ್ಟೆ" ಎಂದರು. ನಾನು ಆ ಮಾತು ನಂಬಿದೆ. ಎರಡು ಹೋಳಿಗೆ, ಒಂದು ರೊಟ್ಟಿ ಎಂದು ಡಬ್ಬಿಗೆ ಹೇಳಿ ಗುಂಡಿ ಒತ್ತಿದೆ.

ಆಗ ಗೊತ್ತಾಯಿತು, ತೆಂಗಿನಕಾಯಿ ತಂದಿಲ್ಲ.

ಕಾಯಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಚರಗವಿಲ್ಲ. ನಮ್ಮ ಮನೆಯವರು ಕಾರು ತಗೊಂಡು ಬಬಲೇಶ್ವರಕ್ಕೆ ಹೋದರು. ಕಾರಿನ ಜೊತೆ ನನ್ನ ಪರ್ಸು ಹೋಯಿತು. ಪರ್ಸಿನ ಜೊತೆ, ಇಂಥ ಹೊತ್ತಿಗೆಂದೇ ಇಟ್ಟುಕೊಳ್ಳುವ ಒಣದ್ರಾಕ್ಷಿಯೂ ಸಕ್ಕರೆ ನೋಡುವ ಮಷೀನೂ ಹೋದವು. ಮಾವ ಹೊತ್ತು ಕಳೆಯಲು ಪಕ್ಕದ ಹೊಲದವನ ಜೊತೆ ಬದುವಿನ ತಂಟೆಗೆ ನಿಂತರು. ಆ ತಂಟೆ ಅವರ ತಂದೆಯ ಕಾಲದ್ದು, ಬೇಗ ಮುಗಿಯುವ ಜಾತಿಯದಲ್ಲ.

ಸ್ವಲ್ಪ ಹೊತ್ತಿಗೆ ನನ್ನ ತುಟಿಯ ಮೇಲೆ ಬೆವರು ಬಂತು. ನಾನು ನಾಚಿಕೆ ಬಿಟ್ಟು, "ನನಗ ಈಗ ತಿನ್ನಬೇಕ್ರಿ, ಇಲ್ಲಂದ್ರ ತ್ರಾಸ ಆಗ್ತದ" ಎಂದೆ. ವರ್ಷವಿಡೀ ಅರ್ಧ ತಗೋ, ಅರ್ಧ ತಗೋ ಎಂದು ಕೊರಳಿಗೆ ಬೀಳುವ ಬಳಗ ಅದು. ಒಬ್ಬರೂ ಗಂಟಿಗೆ ಕೈ ಹಾಕಲಿಲ್ಲ.

"ಭೂತಾಯಿಕಿಂತ ಮದ್ಲ ಉಣ್ತಾರೇನವಾ? ತಡಕೋ, ಇನ್ನೇನ್ ಬಂದ್ರು" ಎಂದಳು ಒಬ್ಬ ಚಿಗವ್ವ. ಬೇಡ ಎಂದಾಗ ತುಂಬಿಸುವವರು ಬೇಕು ಎಂದಾಗ ಶಾಸ್ತ್ರ ತೆಗೆದರು. ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು.

ಆಗ ಪಕ್ಕದಲ್ಲಿ ಕೂತಿದ್ದ ಅತ್ತೆಯ ಕಡೆ ನೋಡಿದೆ. ಅದೇ ಬೆವರು. ಅದೇ ಜಾಗದಲ್ಲಿ, ತುಟಿಯ ಮೇಲೆ. ಬೆರಳುಗಳು ನನ್ನ ಬೆರಳಿನಂತೆಯೇ ಅದುರುತ್ತಿದ್ದವು. ನನ್ನ ನಾಲಿಗೆ ದಪ್ಪವಾದಂತೆ ಅವರ ನಾಲಿಗೆಯೂ ಆಗಿತ್ತು. ದ್ಯಾಮವ್ವ ಬಂದಿರಲಿಲ್ಲ. ಯಾವ ವರ್ಷವೂ ಬಂದಿರಲಿಲ್ಲ. ಖಾಲಿ ಹೊಟ್ಟೆಯ ಗುಳಿಗೆ ಅತ್ತೆಯನ್ನು ವರ್ಷಕ್ಕೊಮ್ಮೆ ಸಾವಿನ ಹೊಸ್ತಿಲವರೆಗೆ ಎಳೆದೊಯ್ಯುತ್ತಿತ್ತು, ನಾವೆಲ್ಲ ಸುತ್ತ ನಿಂತು ಮಿಕ್ಸರ್ ಬೇಕೇ ಎಂದು ಕೇಳುತ್ತಿದ್ದೆವು.

ಏಳಲು ಹೋದೆ, ಕಾಲು ಕುಸಿಯಿತು. ಅದೇ ಅನುಕೂಲವಾಯಿತು ನೋಡಿ.

"ಸೊಸಿಗೂ ಬಂತು! ಇಬ್ಬರಿಗೂ ಬಂತು! ಕುಂಕುಮ ತರ್ರಿ!" ಎಂದು ಚಿಗವ್ವ ಕಿರುಚಿದಳು. ಮಾವ ಬದು ಬಿಟ್ಟು ಓಡಿಬಂದು ಇಬ್ಬರಿಗೂ ಕೈಮುಗಿದರು. ನನ್ನ ಮಾವ, ನನಗೆ! ಅರೆಮಂಪರಿನಲ್ಲೂ ಒಂದು ವಿಚಾರ ಹೊಳೆಯಿತು. ಸೊಸೆ ಬೇಡಿದರೆ ಸಿಗದ್ದು ದೇವಿ ಬೇಡಿದರೆ ಸಿಕ್ಕೀತು.

"ಹೋಳಿಗಿ ತಾ" ಎಂದೆ. ದನಿ ತಾನಾಗಿಯೇ ಗೊಗ್ಗರಾಗಿತ್ತು. "ಬೆಲ್ಲಾ ತಾ. ಇಬ್ಬರಿಗೂ!"

ಬುತ್ತಿಗಂಟುಗಳು ಕ್ಷಣದಲ್ಲಿ ಮುಂದೆ ಬಂದವು. ಶಾಸ್ತ್ರ ಎಲ್ಲಿ ಹೋಯಿತೋ. ನಾನು ಒಂದು ಕೈಯಿಂದ ತಿನ್ನುತ್ತ ಇನ್ನೊಂದು ಕೈಯಿಂದ ಅತ್ತೆಯ ಕೆನ್ನೆಯೊಳಗೆ ಬೆಲ್ಲದ ಪುಡಿ ತುರುಕಿದೆ. "ನುಂಗ್ರೀ ಅತ್ತಿ, ನುಂಗ್ರಿ" ಎಂದು ಅಳುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅವರು ನುಂಗಿದರು. ನಮ್ಮ ಮನೆಯವರು ಕಾಯಿ ತಂದ ಮೇಲೆ ಮಷೀನಿನಲ್ಲಿ ನೋಡಿದರೆ, ಅಷ್ಟು ಬೆಲ್ಲ ತಿಂದ ಮೇಲೂ ಅತ್ತೆಯ ಸಕ್ಕರೆ ಐವತ್ತು ದಾಟಿರಲಿಲ್ಲ.

ವಿಜಯಪುರದ ಡಾಕ್ಟರು ಗುಳಿಗೆ ಬದಲಿಸಿದರು. ಉಪವಾಸವಿದ್ದ ದಿನ ಗುಳಿಗೆಯೇ ಬೇಡ, ಗುಳಿಗೆ ತಗೊಂಡರೆ ನಾಷ್ಟಾ ಬಿಡಬೇಡಿ ಎಂದು ಗದರಿದರು. ನಾನು ಜೀವ ಉಳಿಸಿದ ಠೀವಿಯಲ್ಲಿ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಮೆಂತೆ ಸೋಸುತ್ತ ಕೇಳಿದರು. ಆಮೇಲೆ ಹೇಳಿದರು:

"ಅಂದ್ರ ದ್ಯಾಮವ್ವ ಬರ್ತಿರ್ಲಿಲ್ಲಾ."

"ಇಲ್ರಿ. ಸಕ್ರಿ ಇಳೀತಿತ್ತು."

"ವರ್ಷಕ್ಕ ಒಂದs ಒಂದ ದಿನ ನನ್ನ ಮಾತ ಕೇಳ್ತಿದ್ರು. ಅದನ್ನೂ ಬೆಲ್ಲಾ ತಿನಿಸಿ ಕಳದಿ."

ಥ್ಯಾಂಕ್ಸ್ ಬರಬಹುದೆಂದು ಕಾದಿದ್ದ ನನ್ನ ಮುಖ ನೀವು ನೋಡಬೇಕಿತ್ತು. ಸಾವರಿಸಿಕೊಂಡು, ಬೇಕಿದ್ದರೆ ಹೊಟ್ಟೆ ತುಂಬ ಉಂಡು ಸುಮ್ಮನೆ ಮೈ ನಡುಗಿಸಿ, ಯಾರಿಗೆ ಗೊತ್ತಾಗುತ್ತದೆ ಎಂದೆ. ಅತ್ತೆ ಕೆನ್ನೆಕೆನ್ನೆ ಬಡಿದುಕೊಂಡರು. "ದೇವರ ಹೆಸರ್ಲೆ ಸುಳ್ಳ ಹೇಳ್ಲ್ಯಾ? ನಾಲಿಗಿ ಬಿದ್ದ ಹೋದೀತು."

ಆದರೆ ದ್ಯಾಮವ್ವ ಬರುತ್ತಿರಲಿಲ್ಲ, ಸಕ್ಕರೆ ಇಳಿಯುತ್ತಿತ್ತು ಎಂಬ ಮಾತನ್ನು ನಾವಿಬ್ಬರೂ ಮಾವನ ಕಿವಿಗೆ ಹಾಕಲಿಲ್ಲ.

ಈ ಸಲದ ಎಳ್ಳಮಾವಾಸ್ಯೆಗೆ ನಾನು ಹಿಂದಿನ ದಿನವೇ ಬಬಲೇಶ್ವರಕ್ಕೆ ಹೋಗಿ, ಬೆಳಗ್ಗೆ ಎದುರಿಗೆ ಕೂತು ಅತ್ತೆಗೆ ಉಪ್ಪಿಟ್ಟು ತಿನ್ನಿಸಿದೆ. ನಾನೂ ತಿಂದೆ. ಹೊಲದಲ್ಲಿ ಅದೇ ಬನ್ನಿಗಿಡ, ಅದೇ ಬುತ್ತಿಗಂಟು. ಮಾವ ಚರಗದ ಬುಟ್ಟಿಗೆ ಕೈ ಹಾಕುವ ಮೊದಲು ಎಲ್ಲರ ಮುಂದೆ ಒಂದು ಮಾತು ತೆಗೆದರು. ಈ ಬಾವಿ ಹೊಲ ಪ್ಲಾಟು ಮಾಡುವವರಿಗೆ ಬೇಕಂತೆ. ಕೊಟ್ಟುಬಿಡುವುದೆಂದು ಅವರು ಮನಸ್ಸು ಮಾಡಿದ್ದರು.

"ಬಾವಿ ಹೊಲಾ ಕೊಡೂದ ಬ್ಯಾಡ್ರಿ" ಎಂದರು ಅತ್ತೆ.

ನಡುಕವಿಲ್ಲದೆ, ಬೆವರಿಲ್ಲದೆ, ಸ್ವಂತ ದನಿಯಲ್ಲಿ. ನನಗೆ ಗೊತ್ತಿದ್ದಂತೆ ಅವರು ಹಾಗೆ ನಾಲ್ಕು ಜನರ ಮುಂದೆ ಮಾತಾಡಿದ್ದು ಅದೇ ಮೊದಲು. "ಇದs ಒಂದ ನೀರಿನ ಹೊಲಾ. ಉಳದದ್ದ ಎಲ್ಲಾ ಮಡ್ಡಿ. ನಾಳೆ ಮಕ್ಕಳ ಏನ್ ಉಣ್ತಾವ?"

ಮಾವ ತಿರುಗಿಯೂ ನೋಡಲಿಲ್ಲ. "ನಿನಗೇನ ತಿಳೀತದ, ಸುಮ್ನ ಕುಂಡ್ರು. ದ್ಯಾಮವ್ವ ಬರ್ತಾಳಲಾ, ಆಕಿನ್ನs ಕೇಳೂಣು."

ಎಲ್ಲರೂ ದ್ಯಾಮವ್ವನಿಗಾಗಿ ಕಾದರು. ಕುಂಕುಮದ ಭರಣಿ ತೆರೆದಿಟ್ಟರು. ಹೊತ್ತು ನೆತ್ತಿಗೆ ಬಂದು ದಾಟಿತು. ಅತ್ತೆ ಮಡಿಲಲ್ಲಿದ್ದ ತಮ್ಮ ಕೈಗಳನ್ನೇ ನೋಡುತ್ತಿದ್ದರು. ಉಪ್ಪಿಟ್ಟು ತಿಂದ ಕೈಗಳು ಕಲ್ಲಿನಂತೆ ನಿಂತಿದ್ದವು. "ಈ ವರ್ಷ ಬರಂಗಿಲ್ಲಂತ ಕಾಣ್ತದ. ಅಂದ್ರ ಆಕಿದೂ ಒಪ್ಪಿಗಿ ಐತಿ" ಎಂದರು ಮಾವ.

ಅತ್ತೆಯನ್ನು ಬದುಕಿಸಿ ಬಾಯಿ ಮುಚ್ಚಿಸಿದವಳು ನಾನೇ.

ಸೆರಗನ್ನು ಸೊಂಟಕ್ಕೆ ಬಿಗಿದು ಕೂದಲು ಬಿಚ್ಚಿದೆ. ಮೈ ನಡುಗಿಸಿದೆ. ನಡುಕ ಹೇಗೆ ಶುರುವಾಗುತ್ತದೆ, ಯಾವ ಬೆರಳಿನಿಂದ, ಕಣ್ಣು ಯಾವಾಗ ತೇಲುತ್ತವೆ ಎಂಬುದು ನನಗಿಂತ ಚೆನ್ನಾಗಿ ಆ ಹೊಲದಲ್ಲಿ ಯಾರಿಗೆ ಗೊತ್ತಿತ್ತು?

"ಸೊಸಿಗಿ ಬಂತು!"

ಅತ್ತೆ ಗಾಬರಿಯಿಂದ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು. ಅವರ ಕೈಯಲ್ಲಿ ಆಗಲೇ ಹೋಳಿಗೆ ಇತ್ತು. "ಸಕ್ರಿ ಇಳದೈತೇನ ಯವ್ವಾ?"

"ಇಲ್ರೀ ಅತ್ತಿ" ಎಂದೆ ತುಟಿ ಅಲುಗಿಸದೆ. "ಬರೋಬ್ಬರಿ ಐತಿ."

ಅವರು ನನ್ನ ಮುಖವನ್ನೇ ನೋಡಿದರು. ಹೋಳಿಗೆಯನ್ನು ಮೆಲ್ಲಗೆ ಬುಟ್ಟಿಗೆ ಮರಳಿಸಿದರು. ಎರಡು ಹೆಜ್ಜೆ ಹಿಂದೆ ಸರಿದು, ತಲೆಯ ಮೇಲೆ ಸೆರಗು ಹೊದ್ದು, ನನ್ನ ಮುಂದೆ ಕೈಮುಗಿದು ನಿಂತರು. ಮಾವನಿಗೂ ಕೈಮುಗಿಯುವಂತೆ ಕಣ್ಣುಸನ್ನೆ ಮಾಡಿದರು, ಮಾವ ಮುಗಿದರು. ಆಮೇಲೆ ಅತ್ತೆ ಇಡೀ ಹೊಲಕ್ಕೆ ಕೇಳುವ ದನಿಯಲ್ಲಿ ನನ್ನನ್ನು ಕೇಳಿದರು:

"ತಾಯಿ, ಬಾವಿ ಹೊಲಾ ಮಾರಬೇಕೋ, ಇಟ್ಕೋಬೇಕೋ? ನೀನs ಹೇಳಾ."

ಅವರು ಸುಳ್ಳು ಹೇಳಲಿಲ್ಲ. ಕೇಳಿದರಷ್ಟೆ.